ಗಾದಿಯ ಮೇಲೆ ಇಳಿದವಳು

ಸೈಕಲ್ ಹೊಡೆಯುವವರಿಗೆ ಜಿಗಿಯಲು ಬರುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ದಣಿವೇ ಇಲ್ಲದೆ ಪೆಡಲು ತುಳಿಯುವ, ತೊಡೆ ಎಂದರೆ ಒನಕೆಯಂತೆ ಗಟ್ಟಿಯಾಗಿರುವ ಹುಡುಗಿಯನ್ನು ಕರೆದು, ನಿಂತಲ್ಲೇ ಒಂದು ಸಲ ಮೇಲಕ್ಕೆ ಜಿಗಿ ನೋಡೋಣ ಎಂದು ಹೇಳಿ. ನೆಲ ಬಿಟ್ಟು ಒಂದು ಗೇಣು ಏಳುವಷ್ಟರಲ್ಲಿ ಅವಳ ಮುಖ ಕೆಂಪಾಗಿರುತ್ತದೆ. ವಿಜಯಪುರದ ಸೈಕಲ್ ಕೇಂದ್ರದ ಪ್ರಯೋಗಾಲಯದಲ್ಲಿ ಆ ಬೆಳಿಗ್ಗೆ ಕಸ್ತೂರಿಯೂ ಹಾಗೆಯೇ ಜಿಗಿದಳು. ಬೆರಳ ತುದಿಗೆ ಸುಣ್ಣದ ಪುಡಿ ಹಚ್ಚಿಕೊಂಡು, ಕೈಯೆತ್ತಿ ಜಿಗಿದು, ಗೋಡೆಯ ಮೇಲೆ ಒಂದು ಗುರುತು ಒತ್ತಿ, ಪಕ್ಕದ ದಪ್ಪ ಗಾದಿಯ ಮೇಲೆ ಧೊಪ್ಪನೆ ಬಿದ್ದಳು.

ಬಾಗಿಲಲ್ಲಿ ನಿಂತಿದ್ದ ಕೋಚ್ ದಸ್ತಗೀರ ಇನಾಮದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನವ್ವಾ ಕಸ್ತೂರಿ, ನಮ್ಮನಿ ಆಡು ಇದಕ್ಕಿಂತ ಛಲೋ ಜಿಗೀತೈತಿ!"

"ನಿಮ್ಮ ಆಡಿಗೆ ಜಮಖಂಡಿ ಮಟಾ ಸೈಕಲ್ ಹೊಡಿ ಅಂತ ಹೇಳ್ರಿ ಸರ್, ನೋಡೂಣು" ಎಂದು ಅವಳು ಬಿದ್ದಲ್ಲಿಂದಲೇ ತಿರುಗೇಟು ಕೊಟ್ಟಳು.

ನೀಲಾ ನಗಲಿಲ್ಲ. ಡಾಕ್ಟರ್ ನೀಲಾಂಬಿಕಾ ಎಂಬ ಪೂರ್ತಿ ಹೆಸರು ಬಾಗಿಲ ಫಲಕದ ಮೇಲಿತ್ತು. ಉಳಿದಂತೆ ಎಲ್ಲರಿಗೂ ಅವಳು ನೀಲಾ. ಕಸ್ತೂರಿ ಅವಳ ಗಂಡ ರಾಚಪ್ಪನ ತಂಗಿ. ಮನೆಯಲ್ಲಿ ನಾದಿನಿ, ಇಲ್ಲಿ ಅವಳ ಮೊದಲ ಪ್ರಯೋಗ. ನೀಲಾ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ, ಬೂದು ಬಣ್ಣದ ಬಿಲ್ಲೆಯೊಂದನ್ನು ತೆಗೆದು ಕಸ್ತೂರಿಯ ಸೊಂಟದ ಹಿಂದೆ, ಬೆನ್ನುಹುರಿಯ ನೇರಕ್ಕೆ ಅಂಟಿಸಿದಳು.

ವಿಷಯ ಇಷ್ಟೇ. ನಮ್ಮ ಸ್ನಾಯುಗಳಲ್ಲಿ ಎರಡು ಬಗೆಯ ಎಳೆಗಳಿರುತ್ತವೆ. ನಿಧಾನದವು ಎತ್ತಿನ ಹಾಗೆ ದಿನವಿಡೀ ಎಳೆಯುತ್ತವೆ. ಚುರುಕಿನವು ಒಮ್ಮೆ ಸಿಡಿದು ಸುಸ್ತಾಗುತ್ತವೆ. ವರ್ಷಗಟ್ಟಲೆ ದೂರದೂರ ಸೈಕಲ್ ಹೊಡೆದವರಲ್ಲಿ ಚುರುಕಿನವು ಮಲಗಿಬಿಟ್ಟಿರುತ್ತವೆ. ಅದೂ ಅಲ್ಲದೆ, ಸ್ನಾಯು ಎಲುಬಿಗೆ ಅಂಟುವ ಜಾಗದಲ್ಲಿ ಕಾವಲು ನರಗಳಿವೆ. ಎಳೆತ ಮಿತಿ ಮೀರಿತೆಂದು ಕಂಡ ಕೂಡಲೇ ಅವು ಬೆನ್ನುಹುರಿಗೆ 'ಸಾಕು' ಎಂದು ಹೇಳುತ್ತವೆ, ಸ್ನಾಯು ಸಡಿಲಾಗುತ್ತದೆ. ನಾವು ಯಾರೂ ನಮ್ಮ ಪೂರ್ತಿ ಶಕ್ತಿಯನ್ನು ಯಾವತ್ತೂ ಬಳಸಿಲ್ಲ. ಈ ಕಾವಲು ಬಿಟ್ಟಿಲ್ಲ. ಈ 'ಸಾಕು' ಎಂಬುದು ಕೇಳಿಸದಂತೆ ಮಾಡಿದರೆ? ಹತ್ತು ವರ್ಷ ನೀಲಾಳ ತಲೆಯಲ್ಲಿ ಕೊರೆದದ್ದು ಇದೊಂದೇ ಪ್ರಶ್ನೆ. ಬಿಲ್ಲೆ ಮಾಡುತ್ತಿದ್ದುದೂ ಅದೊಂದೇ ಕೆಲಸ. ಸಣ್ಣಗೆ ವಿದ್ಯುತ್ತು ಹರಿಸಿ ಕಾವಲಿನವನ ಬಾಯಿ ಮುಚ್ಚಿಸುತ್ತಿತ್ತು.

"ಈಗ ಜಿಗಿ" ಎಂದಳು.

ಕಸ್ತೂರಿ ಜಿಗಿದಳು. ಗೋಡೆಗೆ ಕೈ ಬಡಿದ ಸದ್ದು ಕೇಳಿತು, ಗಾದಿ ಒಮ್ಮೆ ನರಳಿತು. ಗುರುತು ಹುಡುಕಲು ಎಲ್ಲರೂ ತಲೆ ಎತ್ತಬೇಕಾಯಿತು. ಮೊದಲಿನ ಗುರುತಿಗಿಂತ ಒಂದು ಮೊಳ ಮೇಲೆ, ನಾಲ್ಕು ಬೆರಳು ಬೆಳ್ಳಗೆ ಮೂಡಿದ್ದವು. ಇನಾಮದಾರರ ನಗು ಅಲ್ಲೇ ನಿಂತುಹೋಯಿತು. ಗಾದಿಯ ಮೇಲೆ ಕೂತ ಕಸ್ತೂರಿ ತನ್ನ ಕಾಲುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

"ವೈನಿ, ನಾನೇನ?" ಎಂದು ಅತ್ತಿಗೆಯನ್ನು ಕೇಳಿದಳು.

"ನೀನ" ಎಂದಳು ನೀಲಾ ಹಿಗ್ಗಿನಿಂದ.

ಗಾದಿಯ ಮಾತು ಇಲ್ಲೇ ಹೇಳಿಬಿಡಬೇಕು. ಇನಾಮದಾರರದು ಒಂದು ಪದ್ಧತಿ. ಸೈಕಲ್ ಹೊಡೆಯುವ ಕಾಲಿಗೆ ನೆಲದ ಪೆಟ್ಟು ಬೀಳಬಾರದು. ಅವರ ಹಾಸ್ಟೆಲಿನ ಹುಡುಗಿಯರು ಊಟದ ಮನೆಗೂ ಸೈಕಲ್ ಮೇಲೇ ಹೋಗಬೇಕು. ಮೆಟ್ಟಿಲು ಹತ್ತಬಾರದು, ಕುಂಟಾಬಿಲ್ಲೆ ಆಡಬಾರದು, ಮದುವೆಯ ಬರಾತಿನಲ್ಲಿ ಕುಣಿಯಬಾರದು. ಊರ ಜನ ನಗುತ್ತಿದ್ದರು, ಆದರೆ ಮೂವತ್ತು ವರ್ಷ ಈ ಪದ್ಧತಿಯಲ್ಲೇ ಅವರು ಪದಕ ತಂದಿದ್ದರು. ಹೀಗಾಗಿ ಜಿಗಿತದ ಪರೀಕ್ಷೆ ಎಂದಾಗ ಅವರು ಹಾಕಿದ ಒಂದೇ ಷರತ್ತು ಗಾದಿಯದು. ಜಿಗಿತದ ಜೋರು ಅಳೆಯುವ ಯಂತ್ರವೊಂದು ಕಾಲ ಕೆಳಗೆ ಇರುತ್ತಿತ್ತು; ಅದರ ಮೇಲಿಂದ ಎಷ್ಟು ಬೇಕಾದರೂ ಜಿಗಿಯಲಿ, ಇಳಿಯುವುದು ಮಾತ್ರ ಗಾದಿಯ ಮೇಲೆ. ನೀಲಾ ಒಪ್ಪಿದಳು. ಓಡುವವರ ಎಲುಬಿಗೆ ದಿನಾ ನೆಲದ ಪೆಟ್ಟು ಬಿದ್ದು ಬಿದ್ದು ಅದು ಗಟ್ಟಿಯಾಗುತ್ತದೆ; ಕೂತೇ ದುಡಿಯುವ ಸೈಕಲ್‌ನವರ ಎಲುಬು ಹಗುರಾಗಿ, ಒಳಗೆ ಜಾಳಾಗಿ ಉಳಿಯುತ್ತದೆ. ಇದು ಅವಳಿಗೆ ಗೊತ್ತಿರದ ವಿಷಯವಲ್ಲ. ಗಾದಿ ಇದ್ದರೆ ಒಳ್ಳೆಯದೇ ಎಂದುಕೊಂಡಳು. ಯಂತ್ರ ಏರಿದ್ದನ್ನೆಲ್ಲ ಅಳೆಯಿತು. ಇಳಿದದ್ದನ್ನೆಲ್ಲ ಗಾದಿ ನುಂಗಿತು. ಆ ಪ್ರಯೋಗಾಲಯದಲ್ಲಿ ಒಮ್ಮೆಯೂ ಯಾರೂ ಇಳಿಯುವುದನ್ನು ಅಳೆಯಲಿಲ್ಲ.

ಕಸ್ತೂರಿಗೆ ಬಿಲ್ಲೆ ಯಾಕೆ ಬೇಕಿತ್ತೆಂದರೆ, ಅವಳು ನಾಲ್ಕನೆಯವಳು. ಯಾವ ಪಂದ್ಯವಿರಲಿ, ಕೊನೆಯ ತಿರುವಿನವರೆಗೆ ಎಲ್ಲರನ್ನೂ ಎಳೆದುಕೊಂಡು ಬರುವವಳು ಅವಳೇ. ಮುಕ್ತಾಯದ ಗೆರೆ ಕಣ್ಣಿಗೆ ಬೀಳುತ್ತಲೇ ಹಿಂದಿನ ಮೂವರು ಸಿಡಿದು ಮುಂದೆ ಹೋಗುತ್ತಿದ್ದರು. ಅವಳಿಗೆ ಸಿಡಿಯಲು ಬರುತ್ತಿರಲಿಲ್ಲ. ರಾಷ್ಟ್ರದ ತಂಡಕ್ಕೆ ಆರಿಸುವುದು ಮೂವರನ್ನು. ಹಾಸ್ಟೆಲಿನ ಹುಡುಗಿಯರು ಎದುರಿಗೇ 'ನಾಕನೇ ಕಸ್ತೂರಿ' ಎಂದು ಕರೆಯುತ್ತಿದ್ದರು, ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಮನೆಗೆ ಬಂದು ಬಚ್ಚಲಲ್ಲಿ ನಳ ಬಿಟ್ಟು ಅಳುತ್ತಿದ್ದುದು ನೀಲಾಗೆ ಗೊತ್ತಿತ್ತು. ಈ ಸಲದ ಆಯ್ಕೆ ಪಂದ್ಯ ಇದೇ ಊರಿನಲ್ಲಿ, ಸೊಲ್ಲಾಪುರ ರಸ್ತೆಯ ಮೇಲೆ. ಪಂದ್ಯದ ದಿನ ಮೈಮೇಲೆ ಬಿಲ್ಲೆ ಇರಬಾರದು. ತಾಲೀಮಿನಲ್ಲಿ ಎಷ್ಟಾದರೂ ಹಚ್ಚಿಕೊಳ್ಳಬಹುದು. ಮಲಗಿದ ಎಳೆಗಳನ್ನು ದಿನಾ ಎಬ್ಬಿಸುತ್ತಿದ್ದರೆ ಕೊನೆಗೊಂದು ದಿನ ಅವು ತಾವಾಗಿಯೇ ಏಳುತ್ತವೆ ಎಂಬುದು ನೀಲಾಳ ಲೆಕ್ಕ.

ಮೊದಲು ಮುರಿದದ್ದು ಬಚ್ಚಲ ಮನೆಯ ನಳವೇ.

ಭಾನುವಾರ ಬೆಳಿಗ್ಗೆ ಕಸ್ತೂರಿ ಮುಖ ತೊಳೆದು ನಳ ತಿರುಗಿಸಿದಳು, ಅದು ಬುಡಸಹಿತ ಕಿತ್ತು ಕೈಗೆ ಬಂತು. ನೀರು ಕಾರಂಜಿಯಂತೆ ಹಾರಿ ಮಾಳಿಗೆಗೆ ಬಡಿಯಿತು. ಅವಳ ಚೀರಾಟಕ್ಕೆ ಅಡುಗೆ ಮನೆಯಿಂದ ಓಡಿ ಬಂದ ತಾಯಿ ಶಂಕ್ರವ್ವ ನಿಂತಲ್ಲೇ ತೊಯ್ದು ತಪ್ಪಡಿಯಾದಳು.

"ಅಯ್ಯ ನಿನ್ನ! ನಳಾ ಬಂದ್ ಮಾಡು ಅಂದ್ರ ಕಿತ್ತು ಕೈಯಾಗ ಹಿಡಕೊಂಡು ನಿಂತೀಯಲ್ಲ! ಇದೇನ ಹುಡುಗೀನೋ ಬುಲ್ಡೋಜರೋ?"

"ನಾ ಮೆಲ್ಲಕ ತಿರುವೀನವ್ವಾ, ನಿನ್ನಾಣಿ!"

ರಾಚಪ್ಪ ಆ ವಾರ ಮನೆಯಲ್ಲಿದ್ದ. ಒಣದ್ರಾಕ್ಷಿ ಲೋಡು ಮಾಡಿಕೊಂಡು ತಾಸಗಾಂವಕ್ಕೆ ಲಾರಿ ಹೊಡೆಯುವವನು ಅವನು. ತಂಗಿಯ ತೋಳು ಹಿಡಿದೆತ್ತಿ, "ಮುಂದಿನ ಸಲ ಲಾರಿ ಟೈರ್ ಪಂಕ್ಚರ್ ಆದ್ರ ಜ್ಯಾಕ್ ಬ್ಯಾಡ, ಇಕಿನ್ನ ಕರಕೊಂಡು ಹೋಗತೀನಿ" ಎಂದ. ಮನೆಯೆಲ್ಲ ನಕ್ಕಿತು. ನೀಲಾಳೂ ನಕ್ಕಳು. ನಗುತ್ತಲೇ ಒಂದು ಲೆಕ್ಕ ಅವಳ ಮನಸ್ಸಿಗೆ ಬಂತು. ಬಿಲ್ಲೆ ತೆಗೆದದ್ದು ನಿನ್ನೆ ಸಂಜೆ. ಇಷ್ಟು ಹೊತ್ತಿಗೆ ಕಾವಲು ಮರಳಿರಬೇಕಿತ್ತಲ್ಲ? ಹಳೆಯ ನಳ, ತುಕ್ಕು ಹಿಡಿದಿತ್ತು ಎಂದು ಸಮಾಧಾನ ಮಾಡಿಕೊಂಡಳು. ನಳ ಹಳೆಯದೂ ಆಗಿತ್ತೆನ್ನಿ.

ಕೆಲವು ದಿನ ಕಳೆದ ಮೇಲೆ ಸಂಜೆ ಶಂಕ್ರವ್ವ ಕಾಲು ಚಾಚಿ ಕೂತಿದ್ದಳು. ತಾಲೀಮು ಮುಗಿಸಿ ಬಂದು ತಾಯಿಯ ಕಾಲು ಒತ್ತುವುದು ಕಸ್ತೂರಿಯ ರೂಢಿ, ಸಣ್ಣಂದಿನಿಂದ ಬಂದದ್ದು. ಒತ್ತುತ್ತ ಆ ದಿನದ ಸುದ್ದಿಯನ್ನೆಲ್ಲ ಹೇಳುವಳು. ಆವತ್ತು ಮಾತಿನ ನಡುವೆ ಶಂಕ್ರವ್ವ "ಯವ್ವಾ!" ಎಂದು ಕಾಲು ಎಳೆದುಕೊಂಡಳು. ಕಸ್ತೂರಿ ನಗುತ್ತ, "ನಾಟಕಾ ಮಾಡಬ್ಯಾಡ, ಮುಟ್ಟೇ ಇಲ್ಲ ಇನ್ನ" ಎಂದಳು. ನೀಲಾ ಎದ್ದು ಬಂದು ಅತ್ತೆಯ ಸೀರೆ ತುಸು ಮೇಲೆ ಸರಿಸಿ ನೋಡಿದಳು. ಮೀನಖಂಡದ ಮೇಲೆ ಐದು ಬೆರಳು ನೀಲಿಗಟ್ಟಿದ್ದವು.

ಕಸ್ತೂರಿಯ ನಗು ಇಳಿದುಹೋಯಿತು. "ನಾ ಮೆಲ್ಲಕ ಒತ್ತೀನಿ ವೈನಿ. ಖರೇನ ಮೆಲ್ಲಕ ಒತ್ತೀನಿ."

"ಇರಲಿ ಬಿಡ" ಎಂದು ಶಂಕ್ರವ್ವ ಸೀರೆ ಎಳೆದುಕೊಂಡಳು. "ಕೂಸು ಜ್ವಾಕಿ ತಪ್ಪಿ ಒತ್ತಿರಬೇಕು. ಅದಕ್ಯಾಕ ಮಾರಿ ಸಣ್ಣ ಮಾಡ್ತಿ?"

ಕಸ್ತೂರಿ ಸುಳ್ಳು ಹೇಳುತ್ತಿರಲಿಲ್ಲ ಎಂಬುದಕ್ಕೇ ನೀಲಾಗೆ ಭಯವಾದದ್ದು. ಮೆಲ್ಲಗೆ ಒತ್ತುವುದು ಎಷ್ಟು ಎಂಬುದು ಹುಡುಗಿಗೆ ಈಗ ತಿಳಿಯುತ್ತಿಲ್ಲ.

ಮರುದಿನ ಅವಳು ಕಸ್ತೂರಿಯನ್ನು ಬಿಲ್ಲೆ ಇಲ್ಲದೆ ಯಂತ್ರದ ಮೇಲೆ ನಿಲ್ಲಿಸಿದಳು. ನಳ ಮುರಿದಂದಿನಿಂದ, ಒಂದು ವಾರ, ಅದನ್ನು ಹಚ್ಚಿಯೇ ಇರಲಿಲ್ಲ. ಕಸ್ತೂರಿ ಜಿಗಿದಳು, ಬೆಳ್ಳನೆಯ ನಾಲ್ಕು ಬೆರಳು ಬಿಲ್ಲೆ ಹಚ್ಚಿದಾಗಿನ ಎತ್ತರಕ್ಕೇ, ಕೂದಲೆಳೆಯಷ್ಟು ಅದಕ್ಕೂ ಮೇಲೆ ಬಿದ್ದವು. ಇನಾಮದಾರರು ಗೋಡೆಯನ್ನು ನೋಡಿದರು, ನೀಲಾಳ ಕೈಯಲ್ಲಿದ್ದ ಬಿಲ್ಲೆಯನ್ನು ನೋಡಿದರು. ಮುದುಕರ ಕಣ್ಣಲ್ಲಿ ನೀರು ಬಂತು.

"ಬಂತಲ್ರೀ ಮೇಡಂ! ಕಾಲಿಗೇ ಬಂತಲ್ರೀ! ಇನ್ನ ಬಿಲ್ಲಿ ಗಿಲ್ಲಿ ಏನೂ ಬ್ಯಾಡ. ಈ ಸಲ ನಮ್ಮ ಹುಡುಗಿ ನಾಕನೇದಾಕಿ ಅಲ್ಲ!"

"ಸರ್, ಒಂದು ಸಲ ಗಾದಿ ತಗೀರಿ" ಎಂದಳು ನೀಲಾ. "ಯಂತ್ರದ ಮ್ಯಾಲೇ ಇಳೀಲಿ. ಸಣ್ಣಗೆ ಜಿಗದ್ರ ಸಾಕು. ಇಳಿಯುವಾಗ ಎಷ್ಟು ಬಿಗೀತಾಳ ನೋಡಬೇಕು ನಾ."

ಇನಾಮದಾರರ ಮುಖ ಬಿಗಿಯಿತು. "ಪಂದ್ಯ ಬಾಗಲಾಗ ಬಂದು ನಿಂತೈತಿ, ಈಗ ಕಾಲಿಗೆ ಪೆಟ್ಟು ಹಾಕೂದೇನ್ರೀ? ಮೂವತ್ತು ವರ್ಷದಾಗ ಹಾಕಿಲ್ಲ ನಾ."

ನೀಲಾ ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಬಾಯಿ ಮುಚ್ಚಿಸಿದ ಕಾವಲು ಮತ್ತೆ ಮಾತಾಡುತ್ತಿಲ್ಲ ಎಂಬ ಉತ್ತರ ಬಂದರೆ ಏನು ಮಾಡುವುದೆಂದು ಅವಳಿಗೆ ತಿಳಿದಿರಲಿಲ್ಲ. ಹತ್ತು ವರ್ಷದ ಕೆಲಸ ಕಣ್ಣ ಮುಂದೆ ಗೋಡೆಯ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು.

ಆದರೆ ಮನೆಗೆ ಬಂದವಳು ಸುಮ್ಮನಿರಲಾರದೆ ಹೋದಳು. ಕಸ್ತೂರಿ ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ನೀಲಾ ಎದುರಿಗೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ನಿನ್ನ ಸ್ನಾಯು ಈಗ 'ಸಾಕು' ಎಂಬುದನ್ನು ಕೇಳುವುದಿಲ್ಲ. ನಿನ್ನ ಎಲುಬು ಹಗುರ. ಸ್ನಾಯು ಪೂರ್ತಿ ಜೋರಿನಿಂದ ಎಳೆದರೆ ಎಲುಬು ತಡೆಯಲಿಕ್ಕಿಲ್ಲ. ಕಾವಲು ಮರಳುವವರೆಗೆ ಪಂದ್ಯ ಬೇಡ.

"ಯಾವಾಗ ಮರಳತೈತಿ?"

"ಗೊತ್ತಿಲ್ಲ."

"ಮರಳಿದ ಮ್ಯಾಲೆ ನಾ ಮತ್ತ ನಾಕನೇದಾಕಿ ಆಗತೀನಿ, ಹೌದಲ್ಲ?"

ಕಸ್ತೂರಿ ಎಣ್ಣೆಯ ಡಬ್ಬಿ ಕೆಳಗಿಟ್ಟಳು.

"ವೈನಿ, ಹಚ್ಚಿದಾಕಿ ನೀನು. ನಾ ಬ್ಯಾಡ ಅನ್ನಲಿಲ್ಲ, ನಿನ್ನ ಮ್ಯಾಲೆ ತಪ್ಪು ಹಾಕೂದಿಲ್ಲ. ಈಗ ತಗೀ ಅಂದ್ರ ತಗಿಯಾಕೂ ಬರೂದಿಲ್ಲ ಅಂತಿ. ಹಂಗಿದ್ರ ಒಂದ ಸಲ, ಜನ್ಮದಾಗ ಒಂದ ಸಲ, ಮುಂದ ಹೋಗಿ ಗೆರಿ ದಾಟತೀನಿ. ಆಮ್ಯಾಲ ನೀ ಮಲಗು ಅಂದ್ರ ವರ್ಷಗಟ್ಟಲೆ ಮಲಗತೀನಿ."

"ಕಾಲು ಹೋದ್ರ?"

"ಸೈಕಲ್ ಮ್ಯಾಲೆ ಯಾರೂ ಜಿಗಿಯೂದಿಲ್ಲಲ್ಲ. ನೀನ ಹೇಳಿದ್ದಿ."

ಹೌದು, ಅವಳೇ ಹೇಳಿದ್ದಳು. ಪೆಡಲು ದುಂಡಗೆ ತಿರುಗುತ್ತದೆ, ಎಲುಬಿಗೆ ಬಡಿತವಿಲ್ಲ. ಅಪಾಯವಿರುವುದು ನೆಲಕ್ಕೆ ಇಳಿಯುವಾಗ. ಇಡೀ ದೇಹ ಬಿಗಿದು ನೆಲವನ್ನು ತಡೆಯುವಾಗ. ಕೊನೆಗೆ ಇಬ್ಬರ ನಡುವೆ ಒಂದು ಕರಾರು ಆಯಿತು. ಗೆರೆ ದಾಟಿದ ಮೇಲೆ ಕಸ್ತೂರಿ ತಾನಾಗಿ ಇಳಿಯಬಾರದು. ಸೈಕಲ್ ನಿಧಾನ ಮಾಡಿ ಬರಬೇಕು. ನೀಲಾ ಅಲ್ಲಿ ನಿಂತಿರುತ್ತಾಳೆ, ಹಿಡಿದುಕೊಳ್ಳುತ್ತಾಳೆ, ಹೆಗಲ ಮೇಲೆ ಇಳಿಸಿಕೊಳ್ಳುತ್ತಾಳೆ.

"ಮರಿಯೂದಿಲ್ಲಲ್ಲ?" ಎಂದಳು ನೀಲಾ.

"ನೀ ಮರೀಬ್ಯಾಡ ಅಷ್ಟ" ಎಂದಳು ಕಸ್ತೂರಿ.

ಪಂದ್ಯದ ದಿನ ಸೊಲ್ಲಾಪುರ ರಸ್ತೆಯ ಎರಡೂ ಬದಿಗೆ ಜನ. ಮುಕ್ತಾಯದ ಗೆರೆಯ ಪಕ್ಕದಲ್ಲೇ ಕೇಂದ್ರದ ವ್ಯಾನು ನಿಂತಿತ್ತು, ಒಳಗೆ ಸಾಲಾಗಿ ಪರದೆಗಳು. ಪ್ರತಿ ಹುಡುಗಿಯ ತೊಡೆಯ ಪಟ್ಟಿಯಿಂದ ಸ್ನಾಯುವಿನ ಎಳೆತ ಇಲ್ಲಿ ಬಣ್ಣದ ಗೆರೆಯಾಗಿ ಓಡುತ್ತಿತ್ತು. ನೀಲಾ ಕಸ್ತೂರಿಯ ಹಸಿರು ಗೆರೆಯ ಮೇಲೆ ಕಣ್ಣಿಟ್ಟಿದ್ದಳು. ತಾಸುಗಟ್ಟಲೆ ಅದು ಎಂದಿನಂತೆ ಸಮನಾಗಿ ಏರಿ ಇಳಿದು ಏರಿ ಇಳಿದು ಬಂತು. ಅವಳ ಉಸಿರೂ ಅದರ ಜೊತೆಗೇ ಏರಿ ಇಳಿಯಿತು. ಕೊನೆಯ ತಿರುವು ಕಾಣುತ್ತಲೇ ವ್ಯಾನಿನಿಂದ ಇಳಿದು ಗೆರೆಯ ಹತ್ತಿರ ನಿಲ್ಲುವುದು, ಅದು ನಿಶ್ಚಯವಾದ ಮಾತು.

ಕೊನೆಯ ತಿರುವು ಬಂತು. ನೀಲಾ ಬಾಗಿಲಿಗೆ ಕೈ ಹಾಕಿದಳು.

ಆಗ ಹಸಿರು ಗೆರೆ ಎದ್ದಿತು.

ಮನುಷ್ಯರ ಸ್ನಾಯು ಪೂರ್ತಿ ಎಳೆದಾಗ ಗೆರೆ ಮೇಲೆ ಹೋಗಿ, ತುದಿಯಲ್ಲಿ ಒಂದಿಷ್ಟು ಮುರಿದು ಬಾಗುತ್ತದೆ. ಕಾವಲು 'ಸಾಕು' ಎಂದ ಜಾಗ ಅದು. ಸಾವಿರಾರು ಗೆರೆ ನೋಡಿದ್ದ ನೀಲಾ, ಆ ಬಾಗು ಇಲ್ಲದ ಗೆರೆಯನ್ನು ನೋಡಿಯೇ ಇರಲಿಲ್ಲ. ಪ್ರಯೋಗಾಲಯದಲ್ಲಿ ಬಿಲ್ಲೆ ಹಚ್ಚಿದಾಗಲೂ ಸಣ್ಣದೊಂದು ಬಾಗು ಇರುತ್ತಿತ್ತು. ಇಲ್ಲಿ ಇರಲಿಲ್ಲ. ಗೆರೆ ನೆಟ್ಟಗೆ ಮೇಲಕ್ಕೆ ಹೋಯಿತು. ಮತ್ತೊಂದು ತುಳಿತಕ್ಕೆ ಅದಕ್ಕೂ ಮೇಲೆ. ಪರದೆಯ ಅಂಚು ಮುಟ್ಟಿತು. ಜಗತ್ತಿನಲ್ಲಿ ಯಾರೂ ಕಾಣದ್ದನ್ನು ಕಾಣುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು. ಕಣ್ಣಲ್ಲಿ ನೀರು ತುಂಬಿತು. ಇನ್ನೊಂದು ತುಳಿತ ನೋಡಿ ಹೋಗುತ್ತೇನೆ ಎಂದುಕೊಂಡಳು. ಇನ್ನೊಂದು. ಇನ್ನೊಂದೇ ಒಂದು.

ಹೊರಗೆ ಜನ ಹೋ ಎಂದು ಕೂಗಿದಾಗ ಎಚ್ಚರಾಯಿತು. ಬಾಗಿಲು ತೆಗೆದು ಹಾರಿದಳು. ಅಷ್ಟರಲ್ಲಿ ಗೆರೆಯ ಸುತ್ತ ಜನ ಕಿಕ್ಕಿರಿದಿದ್ದರು. ಇನಾಮದಾರರು ಎರಡೂ ಕೈ ಎತ್ತಿಕೊಂಡು ತೀರ್ಪುಗಾರರ ಮೇಜಿನ ಕಡೆ ಓಡುತ್ತಿದ್ದರು. "ದಾರಿ ಬಿಡ್ರಿ, ದಾರಿ ಬಿಡ್ರಿ!" ಎಂದು ನೀಲಾ ಕಿರುಚಿದಳು. ಹೆಗಲುಗಳ ನಡುವಿನಿಂದ ಕಂಡದ್ದಿಷ್ಟು: ಕಸ್ತೂರಿ ಗೆರೆ ದಾಟಿ ದೂರ ಹೋಗಿ ನಿಂತಿದ್ದಳು, ಮೊದಲನೆಯವಳಾಗಿ, ಹಿಂದಿನವಳಿಗಿಂತ ಎಷ್ಟೋ ಮುಂದೆ. ಸೈಕಲ್ ಮೇಲೇ ಕೂತಿದ್ದಳು, ಬೇಲಿಯ ಕಂಬವೊಂದನ್ನು ಹಿಡಿದುಕೊಂಡು. ಕರಾರು ಮರೆತಿರಲಿಲ್ಲ. ತಲೆ ಆಚೆ ಈಚೆ ತಿರುಗಿಸಿ ಯಾರನ್ನೋ ಹುಡುಕುತ್ತಿದ್ದಳು.

ಅಷ್ಟು ಹೊತ್ತಿಗೆ ಧ್ವನಿವರ್ಧಕದಲ್ಲಿ ಅವಳ ಹೆಸರು ಕೂಗಿದರು. ಮೊದಲ ಸ್ಥಾನ, ವಿಜಯಪುರದ ಕಸ್ತೂರಿ.

ಹತ್ತೊಂಬತ್ತು ವರ್ಷದ ಹುಡುಗಿ. ಸೈಕಲ್ ಹತ್ತಿದಾಗಿನಿಂದ ಕುಣಿಯಬೇಡ, ಜಿಗಿಯಬೇಡ ಎನ್ನಿಸಿಕೊಂಡವಳು, ಎಲ್ಲದರಲ್ಲೂ ನಾಲ್ಕನೆಯವಳು. ಏನು ಮಾಡಿಯಾಳು ಪಾಪ? ಸೈಕಲನ್ನು ಪಕ್ಕಕ್ಕೆ ಒಗೆದಳು, ಎರಡೂ ಕೈ ಮೇಲೆತ್ತಿದಳು, ಜಿಗಿದಳು. ಸುತ್ತಲಿನ ಜನ ಬಾಯಿ ತೆರೆದರು. ಅಷ್ಟೆತ್ತರ ಮನುಷ್ಯರು ಜಿಗಿದದ್ದನ್ನು ಅವರು ಕಂಡಿರಲಿಲ್ಲ. ಅವಳ ಕಾಲು ಬೇಲಿಯ ಹಲಗೆಗಿಂತ ಮೇಲೆ ಇತ್ತು. ಮುಖದ ತುಂಬ ನಗು.

ಕೆಳಗೆ ಡಾಂಬರು ಇತ್ತು.

ನೆಲ ಮುಟ್ಟುವ ಗಳಿಗೆಯಲ್ಲಿ ಅವಳ ತೊಡೆಗಳು ಪೂರ್ತಿ ಜೋರಿನಿಂದ ಬಿಗಿದವು, ಸಾಕು ಎನ್ನುವವರು ಯಾರೂ ಇರಲಿಲ್ಲ. ಮುರಿದ ಸದ್ದು ಅಷ್ಟು ಗದ್ದಲದಲ್ಲೂ ನೀಲಾಗೆ ಕೇಳಿಸಿತು. ಒಂದರ ಹಿಂದೆ ಒಂದು, ಎರಡು ಸಲ.

ಎರಡೂ ತೊಡೆಗಳಿಗೆ ಡಾಕ್ಟರರು ಲೋಹದ ಸರಳು ಹಾಕಿದರು. ಎಲುಬು ಕೂಡುವುದಕ್ಕೆ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಹುಡುಗಿಯ ಸ್ವಂತ ಸ್ನಾಯುಗಳದೇ. ಆಸ್ಪತ್ರೆಯಲ್ಲಿ ಯಾರೋ ತಟ್ಟೆ ಬೀಳಿಸಿದರು. ಬೆಚ್ಚಿದ ಕಸ್ತೂರಿಯ ತೊಡೆ ಬಿಗಿದು ಸರಳೊಂದು ಬಾಗಿತು. ಮತ್ತೆ ಕೊಯ್ದು ಸರಿ ಮಾಡಿದರು. ಸೀನಿದರೂ ಭಯ, ಕೆಮ್ಮಿದರೂ ಭಯ. ಕಾವಲು ಮರಳಲಿಲ್ಲ. ತಿಂಗಳು ಕಳೆದರೂ ಮರಳಲಿಲ್ಲ. ಮರಳುವ ಲಕ್ಷಣ ಕಾಣುವುದಿಲ್ಲ ಎಂದು ನೀಲಾಳೇ ತನ್ನ ಯಂತ್ರಗಳಿಂದ ಅಳೆದು, ತನ್ನ ಬಾಯಿಂದಲೇ ಅತ್ತೆಗೆ ಹೇಳಿದಳು. ಶಂಕ್ರವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. "ಊಟಾ ಮಾಡಿಲ್ಲ ನೀ, ಬಾ" ಎಂದಳು.

ಕಸ್ತೂರಿ ಮನೆಗೆ ಬರುವ ಹಿಂದಿನ ದಿನ ಬಾಗಿಲಲ್ಲಿ ಟೆಂಪೊ ಒಂದು ನಿಂತಿತು. ಇನಾಮದಾರರು ಹಾಸ್ಟೆಲಿನ ಗಾದಿಗಳನ್ನೆಲ್ಲ ತಂದಿದ್ದರು. ಒಂದೊಂದಾಗಿ ಹೆಗಲ ಮೇಲೆ ಹೊತ್ತು ತಂದು, ಪಡಸಾಲೆ, ಅಡುಗೆ ಮನೆ, ಬಚ್ಚಲ ಬಾಗಿಲವರೆಗೆ ತಾವೇ ಹಾಸಿದರು. ನೆಲ ಕಾಣದಂತೆ ಹಾಸಿ ಮುಗಿದ ಮೇಲೆ ಬಾಗಿಲ ಬಳಿ ನಿಂತರು. "ಗಾದಿ ತಗೀರಿ ಅಂದಿದ್ರಿ ನೀವು" ಎಂದರು. ನೀಲಾ ತಲೆ ತಗ್ಗಿಸಿದಳು. ಅವರು ಹೊರಟುಹೋದರು.

ನೀಲಾ ಹೊಸ ಬಿಲ್ಲೆ ಮಾಡಿದಳು. ಇದು ಹಳೆಯದಕ್ಕೆ ತಿರುಗುಮುರುಗು: ಹೊರಗಿನಿಂದ ಬೆನ್ನುಹುರಿಗೆ 'ಸಾಕು' ಎಂದು ಹೇಳುವಂಥದ್ದು. ಮೊದಲು ಯಂತ್ರವೇ ಹೇಳಲಿ ಎಂದು ನೋಡಿದಳು, ಆಗಲಿಲ್ಲ. ಸ್ನಾಯು ಬಿಗಿದದ್ದು ಪರದೆಯ ಮೇಲೆ ಕಾಣುವ ಹೊತ್ತಿಗೆ ಅದು ಬಿಗಿದಾಗಿರುತ್ತದೆ. ಯಂತ್ರ ಯಾವಾಗಲೂ ಒಂದು ಗಳಿಗೆ ತಡ. ಆದರೆ ಸೀನು ಬರುವ ಮುಂಚೆ ಮೂಗಿನ ತುದಿ ನಡುಗುತ್ತದೆ. ಬೆಚ್ಚುವ ಮುಂಚೆ ಹುಬ್ಬು ಏಳುತ್ತದೆ. ಎದ್ದು ನಿಲ್ಲಬೇಕೆಂಬ ಆಸೆ ಕಾಲಿಗೆ ಬರುವ ಮೊದಲು ಕಣ್ಣಿಗೆ ಬರುತ್ತದೆ. ಅದನ್ನೆಲ್ಲ ನೋಡಬಲ್ಲದ್ದು ಎದುರು ಕೂತ ಮನುಷ್ಯರು ಮಾತ್ರ. ಹೀಗಾಗಿ ಬಿಲ್ಲೆಗೆ, ಒತ್ತಿದಾಗ 'ಸಾಕು' ಎನ್ನಿಸುವ ಒಂದು ಗುಂಡಿ ಬಂತು, ಗುಂಡಿ ನೀಲಾಳ ಕೈಗೆ ಬಂತು.

ಹೊಸ ಬಿಲ್ಲೆ ಹಚ್ಚಿಕೊಂಡು ಒಂದು ಮಧ್ಯಾಹ್ನ ಕಸ್ತೂರಿ ಮೊದಲ ಸಲ ಎದ್ದು ನಿಲ್ಲಬೇಕಿತ್ತು. ಪಡಸಾಲೆಯಲ್ಲಿ ಗಾದಿಗಳ ನಡುವೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಶಂಕ್ರವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನೀಲಾ ಅಭ್ಯಾಸಬಲದಿಂದ ಪರದೆಯನ್ನು ತನ್ನ ಕಡೆ ತಿರುಗಿಸಿಟ್ಟುಕೊಂಡು, ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕೂತಳು.

"ವೈನಿ" ಎಂದಳು ಕಸ್ತೂರಿ. "ಅವತ್ತ ನೀ ಯಾಕ ತಡಾ ಮಾಡಿದಿ?"

ಇಷ್ಟು ದಿನ ಅವಳು ಕೇಳಿರಲಿಲ್ಲ. ಬೇರೆಯವರು ಕೇಳಿದಾಗಲೆಲ್ಲ ನೀಲಾ ಹೇಳಿದ್ದು ಒಂದೇ: ಮಂದಿ ಭಾಳ ಇತ್ತು, ದಾರಿ ಬಿಡಲಿಲ್ಲ. ಆ ಮಾತು ಈಗಲೂ ನಾಲಗೆಯ ತುದಿಗೆ ಬಂತು. ಎದುರಿಗಿದ್ದ ಮುಖ ನೋಡಿ ನುಂಗಿಕೊಂಡಳು.

"ಮಂದಿ ಸೇರಿದ್ದು ಆಮ್ಯಾಲ. ನಾ ವ್ಯಾನಿನಾಗ ನಿಂತಿದ್ದೆ. ನಿನ್ನ ಗೆರಿ ನೋಡಕೋತ ನಿಂತುಬಿಟ್ಟೆ."

ಶಂಕ್ರವ್ವನ ಮೊರ ನಿಂತಿತು. ಹೊರಗೆ ಓಣಿಯಲ್ಲಿ ತರಕಾರಿಯವನು ಕೂಗುತ್ತ ಹೋದ.

"ಚಂದ ಇತ್ತೇನು?"

"ಭಾಳ ಚಂದ ಇತ್ತು" ಎಂದಳು ನೀಲಾ. "ಅಂಥಾದ್ದು ಯಾರೂ ಕಂಡಿಲ್ಲ ಕಸ್ತೂರಿ."

ಕಸ್ತೂರಿ ತಲೆ ಎತ್ತಿ ಮಾಳಿಗೆಯ ಕಡೆ ನೋಡಿದಳು. ಕಣ್ಣೀರು ಕಿವಿಯವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ನಾ ಜಿಗದದ್ದು ನೋಡಿದೇನು ಮತ್ತ?"

"ನೋಡಿದೆ."

"ಅದು? ಅದೂ ಚಂದ ಇತ್ತೇನು?"

ನೀಲಾಗೆ ಅಳು ಬಂತು. ಗುಂಡಿಯ ಮೇಲಿನ ಬೆರಳನ್ನು ಮಾತ್ರ ಎತ್ತಲಿಲ್ಲ. ಕಸ್ತೂರಿ ಅದನ್ನು ನೋಡಿದಳು. ಕೈಗಳನ್ನು ಗಾದಿಗೆ ಊರಿದಳು.

"ಗುಂಡಿ ಹಿಡಿ, ಏಳತೀನಿ" ಎಂದಳು. "ಈ ಸಲ ಗೆರಿ ಬ್ಯಾಡ ವೈನಿ. ನನ್ನ ಮಾರಿ ನೋಡು."

ನೀಲಾ ಪರದೆಯನ್ನು ಗೋಡೆಯ ಕಡೆ ತಿರುಗಿಸಿದಳು. ಶಂಕ್ರವ್ವ ಮೊರ ಬದಿಗಿಟ್ಟು ಎದ್ದು, ಯಾವ ಸದ್ದೂ ಒಳಗೆ ಬಾರದಂತೆ ಓಣಿಯ ಕಡೆಯ ಕಿಟಕಿ ಮುಚ್ಚಿ ಬಂದಳು. ಕಸ್ತೂರಿ ಗೋಡೆ ಹಿಡಿದು, ಅಂಗುಲ ಅಂಗುಲವಾಗಿ ಎದ್ದು ನಿಂತಳು. ನೀಲಾ ರೆಪ್ಪೆ ಹೊಡೆಯದೆ ಅವಳ ಮುಖವನ್ನೇ ನೋಡುತ್ತ ಕೂತಳು. ಇನ್ನೆಷ್ಟು ವರ್ಷ ಹೀಗೆ ನೋಡುತ್ತಿರಬೇಕೋ ಅವಳಿಗೆ ಗೊತ್ತಿರಲಿಲ್ಲ.